ಮೂರನೆಯ ಚೂರಿನ ಸೂಜಿಗಳು

ನಮ್ಮ ಪ್ರಯೋಗಾಲಯದಲ್ಲಿ ಲೋಹದ ಚೂರುಗಳನ್ನು ಉಜ್ಜಿ ಕನ್ನಡಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಉಜ್ಜಕ್ಕ ಎಂದು ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಎತ್ತರ ಕಡಿಮೆ, ದನಿ ದೊಡ್ಡದು. ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಉಪ್ಪು ಕಾಗದ ತಿಂದುಹಾಕಿತ್ತು. ಕಾರ್ಖಾನೆಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಅವಳನ್ನು ಗುರುತಿಸಲು ಒಪ್ಪಲಿಲ್ಲ.

"ಇಷ್ಟು ವರ್ಷ ಬಂದವಳನ್ನ ಬಂದಿಲ್ಲ ಅನ್ನೋಕೆ ಈ ಡಬ್ಬಿಗೆ ಎಷ್ಟು ಸೊಕ್ಕು ನೋಡಿ ಮೇಡಂ!" ಎಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದಳು. ಅವಳೊಬ್ಬಳಿಗಾಗಿ ಹಳೆಯ ಪುಸ್ತಕ ಮುಂದುವರಿಯಿತು.

ಆ ಪ್ರಯೋಗಾಲಯ ಮೂವತ್ತೊಂದು ವರ್ಷ ನನ್ನ ಕೈಯಲ್ಲಿತ್ತು. ಕಾರ್ಖಾನೆಯಲ್ಲಿ ಟೈಟಾನಿಯಂ ಮಿಶ್ರಲೋಹವನ್ನು ಕಾಯಿಸಿ, ಬಡಿದು, ಸರಳು ಮತ್ತು ಬಿಡಿಭಾಗಗಳನ್ನು ಮಾಡುತ್ತಿದ್ದರು. ಕೆಲವು ವಿಮಾನದ ಎಂಜಿನ್ನಿಗೆ ಹೋಗುತ್ತಿದ್ದವು, ಕೆಲವು ಮನುಷ್ಯರ ಸೊಂಟದ ಕೀಲಿಗೆ. ಒಟ್ಟಿಗೆ ಕಾಯಿಸಿ ಬಡಿದ ಪ್ರತಿ ತಂಡದಿಂದಲೂ ಬೆರಳುಗುರಿನಷ್ಟು ಚೂರು ಕತ್ತರಿಸಿ, ಕಪ್ಪು ಬೇಕಲೈಟ್ ಬಿಲ್ಲೆಯಲ್ಲಿ ಕೂರಿಸಿ, ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ನಮ್ಮ ಕೆಲಸ.

ನೋಡುವುದು ಏಕೆಂದರೆ, ಈ ಲೋಹದ ಬೆರಕೆ ಒಂದೇ ಇದ್ದರೂ ಗುಣ ಒಂದೇ ಇರುವುದಿಲ್ಲ. ಒಂದು ತಾಯಿಯ ಮಕ್ಕಳ ಹಾಗೆ. ಸಾವಿರ ಡಿಗ್ರಿಗೆ ತುಸು ಕೆಳಗೆ ಕಾಯಿಸಿ ಬಡಿದರೆ ಒಳಗೆ ಸಣ್ಣ ದುಂಡು ಕಣಗಳು ಕೂರುತ್ತವೆ. ಆ ಗಡಿ ದಾಟಿಸಿ ನಿಧಾನವಾಗಿ ಆರಲು ಬಿಟ್ಟರೆ ಉದ್ದನೆಯ ತೆಳು ಪಟ್ಟಿಗಳು ಒಂದರ ಪಕ್ಕ ಒಂದು ಮಲಗುತ್ತವೆ. ಪುಸ್ತಕದಲ್ಲಿ ಇವಕ್ಕೆ ದೊಡ್ಡ ಹೆಸರುಗಳಿವೆ. ಉಜ್ಜಕ್ಕ ದುಂಡಗಿನದನ್ನು ಕಾಳು ಎಂದಳು, ಪಟ್ಟಿಯದನ್ನು ಚಾಪೆ ಎಂದಳು. ಎರಡೂ ಕಲೆತು ಬಂದರೆ ಚಾಪೆ ಮೇಲೆ ಒಣಗಿಹಾಕಿದ ಕಾಳು. ನಾನು ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದವಳು. ಅದಕ್ಕಿಂತ ಸರಿಯಾದ ವರ್ಣನೆ ಅಲ್ಲಿ ಕೇಳಲಿಲ್ಲ.

"ಕಾಳು ಬಿರುಕನ್ನ ಹುಟ್ಟೋಕೆ ಬಿಡಲ್ಲ. ಚಾಪೆ ಹುಟ್ಟಿದ ಬಿರುಕನ್ನ ಓಡೋಕೆ ಬಿಡಲ್ಲ. ಯಾವುದಕ್ಕೆ ಯಾವುದು ಬೇಕು ಅಂತ ಕೇಳ್ಕೊಂಡು ಕಾಯಿಸಬೇಕು," ಎಂದು ಅವಳು ಹೊಸದಾಗಿ ಬಂದ ಎಂಜಿನಿಯರುಗಳಿಗೆ ಹೇಳುತ್ತಿದ್ದಳು. ಅವರು ನಗುತ್ತಿದ್ದರು. ನಕ್ಕವರು ಆರು ತಿಂಗಳಲ್ಲಿ ಅದನ್ನೇ ಹೇಳತೊಡಗುತ್ತಿದ್ದರು.

ಅವಳ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿತ್ತು, ಎರಡು ಕೋಣೆ. ಮುಂದಿನ ಕೋಣೆಯಲ್ಲಿ ದರ್ಜಿಯಾದ ಗಂಡನ ಹೊಲಿಗೆ ಯಂತ್ರ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾವು ಕೊನೆಯ ಹೊಳಪಿಗೆ ಬಳಸುವ ಮಖಮಲ್ ಬಟ್ಟೆಯನ್ನು ಚಕ್ರದ ಅಳತೆಗೆ ದುಂಡಗೆ ಕತ್ತರಿಸಿ ಕೊಡುತ್ತಿದ್ದವನು ಅವನೇ. ಒಂದು ಎಳೆಯೂ ಆಚೀಚೆ ಆಗುತ್ತಿರಲಿಲ್ಲ. ಹಿಂದಿನ ಕೋಣೆ ಅತ್ತೆಯದು. ಅತ್ತೆ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ, ಎಂಬತ್ತರ ಹತ್ತಿರ. ಸೊಸೆ ಏಳನೇ ತರಗತಿಗೆ ಶಾಲೆ ಬಿಟ್ಟವಳು ಎಂಬುದನ್ನು ಅವರು ಮದುವೆಯ ದಿನದಿಂದಲೂ ವೈಯಕ್ತಿಕ ಅವಮಾನವೆಂದು ಭಾವಿಸಿದ್ದರು.

ಉಜ್ಜಕ್ಕ ಉಜ್ಜುವವಳು ಮಾತ್ರ. ತಂಡವನ್ನು ಹೊರಗೆ ಕಳಿಸಬಹುದೋ ಬೇಡವೋ ಎಂದು ಸಹಿ ಹಾಕುವವರು ತಪಾಸಕರು. ಒಮ್ಮೆ ಒಬ್ಬ ಹೊಸ ತಪಾಸಕ ಒಂದು ತಂಡದ ಸರಳುಗಳಿಗೆ ಸಹಿ ಹಾಕಲು ಹೊರಟಾಗ, ಮಸೂರ ಒರೆಸುತ್ತಿದ್ದ ಇವಳು ಒಳಗೆ ಕಣ್ಣಿಟ್ಟು, "ಅಪ್ಪಾ, ಇದು ದಪ್ಪ ಚಾಪೆ. ಕಾಳು ಕೇಳಿದ್ದರಲ್ಲ ಅವರು? ಕಳಿಸ್ಬೇಡ," ಎಂದಳು. ಅವನು ಎಳೆತದ ಅಂಕಿ ತೋರಿಸಿದ, ಗಡಸುತನದ ಅಂಕಿ ತೋರಿಸಿದ, ಎರಡೂ ಸರಿಯಿದ್ದವು, ಸಹಿ ಹಾಕಿದ. ಕೊಂಡವರು ತಮ್ಮ ಪರೀಕ್ಷಾ ಯಂತ್ರದಲ್ಲಿ ಆ ಸರಳನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದಾಗ ಅದು ಬೇಕಾದ ಲೆಕ್ಕದ ಅರ್ಧಕ್ಕೇ ಮುರಿಯಿತು. ಇಡೀ ತಂಡ ಹಿಂದಕ್ಕೆ ಬಂತು. ಎಲ್ಲರೂ "ಉಜ್ಜಕ್ಕ ಹೇಳಿದ್ದಳು" ಎಂದರು. ಆದರೆ ಕಾಗದದಲ್ಲಿ ಉಜ್ಜಕ್ಕ ಎಲ್ಲೂ ಇರಲಿಲ್ಲ.

ಮರುದಿನ ಅವಳು ಏಪ್ರನ್ ಬಿಚ್ಚಿ ಮಡಿಸಿಟ್ಟು ನನ್ನ ಕೋಣೆಗೆ ಬಂದಳು.

"ಮೇಡಂ, ನನಗೆ ಸಹಿ ಬೇಕು."

"ಪರೀಕ್ಷೆ ಬರಿ."

"ಬರೀತೀನಿ."

ತಪಾಸಕರ ಪರೀಕ್ಷೆಯ ನಿಯಮಗಳನ್ನು ಬರೆದವಳು ನಾನೇ. ಹೊರಗಿನ ಪರೀಕ್ಷಕರೊಬ್ಬರು ಮತ್ತು ನಾನು ಕೂತು ನಡೆಸುವ ಮೌಖಿಕ, ಆಮೇಲೆ ಮೂರು ಚೂರುಗಳು. ಪ್ರತಿಯೊಂದರ ಒಳರಚನೆ ಯಾವುದು, ಅದು ಹೇಗೆ ಬಂತು, ಅದರಿಂದ ಲೋಹ ಗಟ್ಟಿಯೋ ಮೆತ್ತಗೋ, ಬಿರುಕಿಗೆ ಹೇಗೆ ಎಂದು ಬರೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಅನುತ್ತೀರ್ಣ. ಅರ್ಧ ಸರಿಯಾದ ಸಹಿ ಎಂಬುದು ಇಲ್ಲ. ಒಬ್ಬರಿಗೆ ಮೂರೇ ಅವಕಾಶ, ಅದೂ ಐವತ್ತು ತುಂಬುವುದರೊಳಗೆ.

ಮೊದಲ ಸಲ ಅವಳು ಮೌಖಿಕದಲ್ಲೇ ಬಿದ್ದಳು. ರಚನೆಯ ಹೆಸರು ಕೇಳಿದರೆ "ಚಾಪೆ" ಎಂದಳು. ಅದರಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಎಂದರೆ, "ಚಾಪೆ ಮೇಲೆ ಇರುವೆ ನೇರ ಹೋಗುತ್ತಾ ಸಾರ್? ಕಡ್ಡಿ ಅಡ್ಡ ಬಂದಲ್ಲೆಲ್ಲ ತಿರುಗುತ್ತೆ," ಎಂದಳು. ಉತ್ತರ ಸರಿ. ಆದರೆ ಪ್ರಮಾಣಪತ್ರದಲ್ಲಿ ಇರುವೆ ಎಂದು ಬರೆಯಲಾಗುವುದಿಲ್ಲ. ನಾನೂ ಬೀಳಿಸಿದೆ. ಎರಡನೆಯ ಸಲ ಎರಡನೆಯ ಚೂರಿನ ಮೇಲೆ ಒಂದು ಗೀರು ಕಂಡಿತು. "ಮುಖ ತೊಳೆಯದವರ ಜೊತೆ ನಾನು ಮಾತಾಡಲ್ಲ," ಎಂದು ಅದನ್ನು ಮತ್ತೆ ಉಜ್ಜಲು ಕೂತಳು. ಅದ್ಭುತವಾಗಿ ಉಜ್ಜಿದಳು. ಗಂಟೆ ಬಾರಿಸಿದಾಗ ಹಾಳೆಯಲ್ಲಿ ಎರಡು ಎಂಬ ಅಂಕಿ ಮಾತ್ರ ಇತ್ತು. ಮೂರನೆಯ ಚೂರನ್ನು ಅವಳು ನೋಡಲೇ ಇಲ್ಲ.

ಮೂರನೆಯ ಸಲ ಬರುವ ಹೊತ್ತಿಗೆ ಅವಳಿಗೆ ನಲವತ್ತೊಂಬತ್ತು. ಈ ಸಲ ಅತ್ತೆ ಪಾಠ ಕೈಗೆತ್ತಿಕೊಂಡರು. ಬೆಳಿಗ್ಗೆ ಸೊಸೆ ತರಕಾರಿ ಹೆಚ್ಚುವಾಗ ನಾನು ಬರೆದ ಪರೀಕ್ಷೆಯ ಕೈಪಿಡಿ ಹಿಡಿದು ಎದುರಿಗೆ ಕೂರುತ್ತಿದ್ದರು. ಅಲ್ಲಿ ನಡೆದದ್ದನ್ನು ಉಜ್ಜಕ್ಕ ಚಹಾದ ವೇಳೆಯಲ್ಲಿ ಎರಡೂ ದನಿಯಲ್ಲಿ ಅಭಿನಯಿಸುತ್ತಿದ್ದಳು.

"ಸಮಾಕ್ಷ ಕಣ ರಚನೆ. ಹೇಳೇ."

"ಕಾಳು ಅತ್ತೆ."

"ಕಾಳು ಅಂದ್ರೆ ಬೀಳುತ್ತೆ ಏಟು. ಐವತ್ತು ಹತ್ತಿರ ಬಂತು, ಇನ್ನೂ ಕಾಳು ಕಡ್ಡಿ ಅಂತೀಯಲ್ಲ!"

"ನಿಮಗೆ ಎಂಬತ್ತು ಹತ್ತಿರ ಬಂತು, ಇನ್ನೂ ಕೋಲು ಬಿಟ್ಟಿಲ್ಲವಲ್ಲ."

"ಕೋಲು ನಡೆಯೋಕೆ ಕಣೇ. ನಿನ್ನಂಥ ದಡ್ಡಿ ಸಿಕ್ಕಿದ್ರೆ ಎರಡನೇ ಉಪಯೋಗ. ಹೇಳು, ಪದರ ರಚನೆ."

ಮುಂದಿನ ಕೋಣೆಯಿಂದ ಹೊಲಿಗೆ ಯಂತ್ರ ನಿಲ್ಲಿಸಿ ಗಂಡ ಕೂಗುತ್ತಿದ್ದನಂತೆ: "ಪದರ ರಚನೆ! ನನಗೇ ಬಾಯಿಪಾಠ ಆಯ್ತು!"

ಮೂರನೆಯ ಚೂರಿನ ವಿಷಯಕ್ಕೆ ಪಾಠವೇ ಬೇಕಿರಲಿಲ್ಲ. ಅದು ಪ್ರತಿ ಪರೀಕ್ಷೆಯಲ್ಲೂ ಬದಲಾಗದ ಅದೇ ಚೂರು, ಹೆಚ್ಚುಕಡಿಮೆ ಶುದ್ಧ ಟೈಟಾನಿಯಂ ತಗಡಿನ ಪಟ್ಟಿಯದು. ಅದರ ಕಣಗಳ ಒಳಗೆ ತೆಳ್ಳನೆಯ ಸೂಜಿಗಳಂಥ ಗೆರೆಗಳಿದ್ದವು. ಈ ಲೋಹವನ್ನು ಕಾಯಿಸದೆ ತಣ್ಣಗೇ ಬಡಿದರೆ ಅಂಥ ಗೆರೆಗಳು ಮೂಡುತ್ತವೆ. ಮೂಡಿದರೆ ಲೋಹ ಗಟ್ಟಿ, ಆದರೆ ಬಗ್ಗಿಸಿದರೆ ಸೀಳುತ್ತದೆ. ಅದರ ಚಿತ್ರವನ್ನು ನಾನು ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿ ಅಚ್ಚು ಹಾಕಿಸಿದ್ದೆ. ದೊಡ್ಡದು ಮಾಡಿ ಗೋಡೆಗೂ ಹಾಕಿಸಿದ್ದೆ. "ಒಂದು ಎರಡು ಹೆಂಗಾದ್ರೂ ಬರಿ, ಮೂರನೇದು ಸೂಜಿ, ತಣ್ಣಗೆ ಬಡಿದದ್ದು, ಗಟ್ಟಿ," ಎಂದು ಕಾವಲುಗಾರನೂ ಹೇಳಬಲ್ಲವನಾಗಿದ್ದ.

ಪರೀಕ್ಷೆಯ ದಿನ ಹೊರಗಿನಿಂದ ಎಂದಿನ ಪರೀಕ್ಷಕರು ಬಂದರು. ದಪ್ಪನೆಯ, ಒಳ್ಳೆಯ ಸ್ವಭಾವದ ಮನುಷ್ಯ. ಬಂದವರೇ ನಾಲ್ಕು ಗಂಟೆಗೆ ರೈಲಿದೆ ಎಂದು ಎರಡು ಸಲ ಹೇಳಿದರು. ಪ್ರಯೋಗಾಲಯದ ಉದ್ದನೆಯ ಕಲ್ಲುಹಾಸಿನ ಮೇಲೆ ಸೂಕ್ಷ್ಮದರ್ಶಕ, ಪಕ್ಕದಲ್ಲಿ ಉಜ್ಜುವ ಚಕ್ರ, ಸೋರುವ ನಲ್ಲಿ, ಅದರ ಕೆಳಗೆ ಉಜ್ಜಕ್ಕನೇ ಇಟ್ಟ ಪ್ಲಾಸ್ಟಿಕ್ ಬಕೆಟ್. ಮೌಖಿಕದಲ್ಲಿ ಅವಳು ಸಮಾಕ್ಷ ಎಂದಳು, ಪದರ ಎಂದಳು, ಕಾಳು ಎನ್ನಬೇಕಾದಲ್ಲಿ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡಳು. ಮೊದಲ ಎರಡು ಚೂರುಗಳನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು. ಎರಡೂ ಸರಿ.

ಮೂರನೆಯದನ್ನು ಇಟ್ಟು ಕಣ್ಣು ತಾಗಿಸಿದಳು. ಎಲ್ಲರೂ ಮಧ್ಯವನ್ನು ನೋಡಿ ಬರೆದುಬಿಡುತ್ತಾರೆ. ಇವಳು ಚೂರನ್ನು ಅಂಚಿನವರೆಗೆ ಜರುಗಿಸಿದಳು, ಮತ್ತೆ ಹಿಂದಕ್ಕೆ, ಮತ್ತೆ ಅಂಚಿಗೆ. ಆಮೇಲೆ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ, ಬೆನ್ನಿಗೆ ಕೊರೆದಿದ್ದ ಸಂಖ್ಯೆ ನೋಡಿದಳು. ಅದರಲ್ಲಿ ಒಂದು ಏಳಿತ್ತು, ಏಳರ ಹೊಟ್ಟೆಗೆ ಅಡ್ಡಗೆರೆ. ಆ ಅಡ್ಡಗೆರೆ ಹಾಕಲು ಕಲಿಸಿದವರು ಅವಳ ಅತ್ತೆ.

"ಮೇಡಂ, ನೀರು ಕುಡೀಲಾ?"

"ಕುಡಿ."

ಕುಡಿದು ಬಂದು ಪರೀಕ್ಷಕರ ಮುಂದೆ ನಿಂತಳು. "ಸಾರ್, ಈ ಮೂರನೇದು ಸುಳ್ಳು."

"ಸುಳ್ಳು ಅಂದ್ರೆ?"

"ಇದರಲ್ಲಿರೋ ಸೂಜಿ ಪಟ್ಟಿಯದಲ್ಲ. ಕತ್ತರಿಸಿ ಉಜ್ಜಿದವಳು ಮಾಡಿದ್ದು."

"ಯಾರಮ್ಮ ಉಜ್ಜಿದ್ದು?"

"ನಾನೇ."

ಪರೀಕ್ಷಕರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

ಅವಳು ವಿವರಿಸಿದಳು. ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಕತ್ತರಿಸುವ ಚಕ್ರ ಸವೆದಿತ್ತು, ಹೊಸದು ಬಂದಿರಲಿಲ್ಲ. ಮೈಭಾರವೆಲ್ಲ ಹಾಕಿ ಒತ್ತಿ ಕತ್ತರಿಸಿದಳು, ಒತ್ತಿಯೇ ಉಜ್ಜಿದಳು. ಟೈಟಾನಿಯಂ ಒತ್ತಡ ಸಹಿಸುವುದಿಲ್ಲ. ಮೇಲಿನ ತೆಳು ಪದರ ನಲುಗಿ, ಅಲ್ಲೇ ಸೂಜಿಗಳೇಳುತ್ತವೆ. ಆ ಪದರ ಪೂರ್ತಿ ಹೋಗುವವರೆಗೆ ಸಾವಕಾಶ ಉಜ್ಜಬೇಕು, ಆಮ್ಲ ಸವರಬೇಕು, ಮತ್ತೆ ಉಜ್ಜಬೇಕು. ಅದನ್ನು ಅವಳು ಕಲಿತದ್ದು ವರ್ಷದ ನಂತರ. "ಅಂಚಲ್ಲಿ ನೋಡಿ ಸಾರ್, ಸೂಜಿಯೆಲ್ಲ ಒಂದೇ ಕಡೆ ಸಾಲು ಹಿಡಿದಿವೆ, ಚಕ್ರ ಓಡಿದ ದಿಕ್ಕಿಗೆ. ಈ ಪಟ್ಟಿ ಮೆತ್ತಗಿನದು. ಕಾಯಿಸಿ ಹದ ಮಾಡಿದ್ದು."

ಪರೀಕ್ಷಕರು ದನಿ ತಗ್ಗಿಸಿದರು. "ನೋಡಮ್ಮ, ಉತ್ತರದ ಪಟ್ಟಿಯಲ್ಲಿ ಏನಿದೆಯೋ ಅದಕ್ಕೆ ನಾನು ಅಂಕ ಕೊಡೋನು. ನಿನಗೆ ಇದು ಕೊನೇ ಸಲ. ಇಡೀ ಕಾರ್ಖಾನೆಗೆ ಗೊತ್ತಿರೋ ಉತ್ತರ ನಿನಗೆ ಗೊತ್ತಿಲ್ಲವಾ? ಇನ್ನೊಂದ್ಸಲ ಯೋಚನೆ ಮಾಡು."

"ಗೊತ್ತು ಸಾರ್. ಬರೆದ್ರೆ ಪಾಸು. ಆದ್ರೆ ಮನೆಗೆ ಹೋದ ತಕ್ಷಣ ನಮ್ಮತ್ತೆ ಕೇಳ್ತಾರೆ, ಮೂರನೇದಕ್ಕೆ ಏನು ಬರೆದೆ, ಯಾಕೆ ಬರೆದೆ ಅಂತ. ಅವರ ಹತ್ರ ಕೋಲಿದೆ."

ಅವರು ನನ್ನತ್ತ ತಿರುಗಿದರು. "ಮೇಡಂ, ಕೈಪಿಡಿ ನಿಮ್ಮದು."

"ನನ್ನದೇ. ನಲವತ್ತೊಂದನೇ ಪುಟ."

"ಗಡಸುತನ ಅಳೆದು ಅಂಕಿಯನ್ನೂ ಹಾಕಿದ್ದೀರಿ."

ಹಾಕಿದ್ದೆ. ಪಟ್ಟಿ ತೆಳುವೆಂದು ಹಗುರ ಭಾರದಲ್ಲಿ ಅಳೆದಿದ್ದೆ. ಹಗುರ ಭಾರದಲ್ಲಿ ಒತ್ತಿದ ವಜ್ರದ ಮೊನೆ ಮೇಲಿನ ಪದರ ದಾಟಿ ಇಳಿಯುವುದಿಲ್ಲ. ನಲುಗಿದ ಪದರ ಗಟ್ಟಿಯಾಗಿರಲೇಬೇಕು. ಚಿತ್ರಕ್ಕೆ ಚಂದವಾದ ಜಾಗ ಬೇಕೆಂದು ಮಧ್ಯವನ್ನೇ ಆರಿಸಿದವಳೂ ನಾನೇ, ಅಂಚನ್ನು ನೋಡಲಿಲ್ಲ. ಕೆಲಸ ಕಲಿಯುತ್ತಿದ್ದವಳು ತಪ್ಪು ಮಾಡಿದ್ದಳು, ಕಲಿಸಬೇಕಾದವಳು ಅದಕ್ಕೆ ಚೌಕಟ್ಟು ಹಾಕಿಸಿದ್ದಳು.

"ಮತ್ತೆ ಉಜ್ಜಲಿ," ಎಂದೆ. "ಅವಳ ಮಾತು ತಪ್ಪಾದರೆ ಅವಳು ಬೀಳುತ್ತಾಳೆ. ಸರಿಯಾದರೆ ನಾನು."

ಅವಳು ನಿಧಾನವಾಗಿ, ಆತುರವೇ ಇಲ್ಲದವಳ ಹಾಗೆ ಉಜ್ಜಿದಳು. ನುಣುಪಾದ ಕಾಗದ, ನೀರು, ಆಮೇಲೆ ಗಂಡ ಕತ್ತರಿಸಿದ ಮಖಮಲ್ ಬಟ್ಟೆ. ನಾವು ಬಳಸುವ ಆಮ್ಲ ಗಾಜನ್ನೂ ತಿನ್ನುವಂಥದು. ಕೈಗವಸು ಹಾಕಿಕೊಂಡು ಪ್ಲಾಸ್ಟಿಕ್ ಬಟ್ಟಲಿನಿಂದ ಹತ್ತಿಯಲ್ಲಿ ಅದ್ದಿ ಸವರಿ, ತೊಳೆದು, ಪರೀಕ್ಷಕರಿಗೆ ತೋರಿಸಿದಳು. ಸೂಜಿಗಳು ಅರ್ಧವಾಗಿದ್ದವು. ಮತ್ತೆ ಉಜ್ಜಿ ಮತ್ತೆ ಸವರಿದಳು. ಅಲ್ಲಲ್ಲಿ ಒಂದೊಂದು ಉಳಿದಿತ್ತು. ಮೂರನೆಯ ಸಲ ಸೂಜಿಯೇ ಇರಲಿಲ್ಲ. ಜೇನುಗೂಡಿನ ಹಾಗೆ ಸ್ವಚ್ಛವಾದ ಕಣಗಳು ಮಾತ್ರ.

ಪರೀಕ್ಷಕರು ಬಹಳ ಹೊತ್ತು ನೋಡಿದರು. ಒಳ್ಳೆಯವರಾದರೂ ಸುಲಭದವರಲ್ಲ. "ಬಡಿದದ್ದು ಮೇಲ್ಮೇಲೆ ಮಾತ್ರ ಆಗಿರಬಹುದಲ್ಲ? ಗಟ್ಟಿ ಪದರವನ್ನ ನೀನು ಉಜ್ಜಿ ತೆಗೆದಿರಬಹುದು. ಆಗ ಪಟ್ಟಿ ಗಟ್ಟಿ ಅನ್ನೋದು ಸರೀನೇ ಇರುತ್ತೆ."

ಅದು ನ್ಯಾಯವಾದ ಪ್ರಶ್ನೆ.

"ತಾಯಿ ತುಂಡು ಬಗ್ಗಿಸಿ ನೋಡಿ," ಎಂದಳು ಉಜ್ಜಕ್ಕ.

ಚೂರು ಕತ್ತರಿಸಿದ ಮೇಲೆ ಉಳಿದ ಭಾಗವನ್ನು ಎಸೆಯದೆ, ತಂತಿಯಲ್ಲಿ ಚೀಟಿ ಕಟ್ಟಿ ಇಡುವುದು ನಮ್ಮಲ್ಲಿನ ಪದ್ಧತಿ. ಅದಕ್ಕೆ ತಾಯಿ ತುಂಡು ಎಂಬ ಹೆಸರು ಯಾವಾಗ ಬಂತೋ ನೆನಪಿಲ್ಲ. ನನ್ನ ಬೀರುವಿನ ಕೆಳ ಅರೆಯಲ್ಲಿ ಅದು ಇತ್ತು, ಗೇಣುದ್ದದ ಪಟ್ಟಿ, ಒಂದೇ ಒಂದು. ತಣ್ಣಗೆ ಬಡಿದದ್ದಾದರೆ ಮಡಿಸಿದಲ್ಲಿ ಸೀಳಬೇಕು, ಹದ ಮಾಡಿದ್ದಾದರೆ ಸೀಳಬಾರದು.

ಪರೀಕ್ಷಕರು ಕೋಟು ಕಳಚಿ, ಪಟ್ಟಿಯನ್ನು ಬೆಂಚ್ ವೈಸಿನ ಇಕ್ಕಳದ ಬಾಯಲ್ಲಿ ಕಚ್ಚಿಸಿ, ತಾವೇ ಎಳೆದರು. ಪಟ್ಟಿ ಬಗ್ಗಿತು. ಕೈ ಬಿಟ್ಟೊಡನೆ ಟಣ್ ಎಂದು ಅರ್ಧ ಹಿಂದಕ್ಕೆ ಪುಟಿಯಿತು.

"ನೋಡು! ಪುಟೀತಿದೆ. ಗಟ್ಟಿ ಇದೆ."

ಉಜ್ಜಕ್ಕ ವೈಸಿನ ಹತ್ತಿರ ಬಂದು ಪಟ್ಟಿಯನ್ನು ಬಗ್ಗಿ ನೋಡಿದಳು. "ಪುಟಿಯೋದು ಇದರ ಹುಟ್ಟುಗುಣ ಸಾರ್. ಮೆತ್ತಗಿದ್ರೂ ಪುಟಿಯುತ್ತೆ. ನಮ್ಮತ್ತೆ ಥರ. ನೀವು ಇನ್ನೂ ಬಗ್ಗಿಸಿ, ಹೆದರಬೇಡಿ."

ಅವರು ಇನ್ನೂ ಬಗ್ಗಿಸಿದರು. ಮೂಲೆಯ ಹಾಗಾಯಿತು, ಕೊಕ್ಕೆಯ ಹಾಗಾಯಿತು. ಬಾಗಿದ ಹೊರಮೈಯ ಮೇಲೆ ಭೂತಗನ್ನಡಿ ಹಿಡಿದು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದು ಕೇಳುತ್ತಿತ್ತು. ನಾನೂ ನೋಡಿದೆ. ಕೂದಲೆಳೆಯಷ್ಟು ಸೀಳೂ ಇರಲಿಲ್ಲ.

"ಹನ್ನೊಂದು ವರ್ಷದಿಂದ ಈ ಸೂಜಿಗೆ ಅಂಕ ಕೊಟ್ಕೊಂಡು ಬಂದಿದ್ದೀನಿ," ಎಂದು ಪರೀಕ್ಷಕರು ಸ್ಟೂಲಿನ ಮೇಲೆ ಕುಸಿದು ಕೂತು ಹೊಟ್ಟೆ ಕುಣಿಯುವಂತೆ ನಕ್ಕರು. ನಗು ನಿಂತ ಮೇಲೆ ಗಡಿಯಾರ ನೋಡಿದರು. ಐದೂ ಕಾಲು. "ರೈಲು ಹೋಯ್ತು. ಇರಲಿ ಬಿಡಿ. ಒಂದು ಚಹಾ ತರಿಸಿ."

ಚಹಾ ಬರುವ ಮೊದಲು ಉತ್ತರದ ಪಟ್ಟಿಯಲ್ಲಿ ಮೂರನೆಯ ಸಾಲನ್ನು ನಾನು ಹೊಡೆದುಹಾಕಿ, ಸರಿಯಾದುದನ್ನು ಬರೆದು, ಸಹಿ ಮಾಡಿದೆ. ಅವರು ಅದರ ಪ್ರಕಾರ ಅಂಕ ಹಾಕಿದರು. ಉಜ್ಜಕ್ಕ ಉತ್ತೀರ್ಣಳಾದಳು. ಕೇಳಿದೊಡನೆ ಅವಳು ಮಾಡಿದ ಮೊದಲ ಕೆಲಸ ಚಕ್ರ ತೊಳೆದದ್ದು.

ಸುದ್ದಿ ಹರಡಿದ ಅರ್ಧ ಗಂಟೆಗೆ ಉಗ್ರಾಣದವನು ಓಡಿ ಬಂದ. "ಮೇಡಂ, ಹನ್ನೆರಡು ವರ್ಷದ ಹಿಂದೆ ಮೂರನೇದಕ್ಕೆ ನಾನು ಮೆತ್ತಗಿನದು ಅಂತಲೇ ಬರೆದಿದ್ದೆ! ನನ್ನ ಬೀಳಿಸಿದ್ರಿ!"

"ಯಾಕೆ ಹಾಗೆ ಬರೆದೆ?"

ಅವನು ತಲೆ ಕೆರೆದುಕೊಂಡ. "ಮೊದಲೆರಡಕ್ಕೂ ಗಟ್ಟಿ ಅಂತ ಬರೆದಿದ್ದೆ. ಮೂರನೇದೂ ಗಟ್ಟಿ ಅಂದ್ರೆ ಚೆನ್ನಾಗಿರಲ್ಲ ಅಂತ."

ಅವನಿಗೆ ಅಂಕ ಸಿಗಲಿಲ್ಲ. ಚಹಾ ಸಿಕ್ಕಿತು.

ನಲವತ್ತೊಂದನೆಯ ಪುಟವನ್ನು ಹೊಸದಾಗಿ ಅಚ್ಚು ಹಾಕಿಸಿದೆವು. ಗೋಡೆಯ ಚಿತ್ರವನ್ನು ತೆಗೆಯಲು ಹೊರಟರೆ ಉಜ್ಜಕ್ಕ ಬಿಡಲಿಲ್ಲ. ಅದು ಅಲ್ಲೇ ಇದೆ. ಕೆಳಗೆ "ಒತ್ತಿ ಉಜ್ಜಿದರೆ ಹೀಗೆ ಕಾಣುತ್ತದೆ" ಎಂದು ಹೊಸ ಚೀಟಿ. ಆ ತಿದ್ದುಪಡಿಯ ಕಾಗದಕ್ಕೆ ಎರಡು ಸಹಿ ಬೇಕಿತ್ತು. ಒಂದು ನನ್ನದು. ಇನ್ನೊಂದು, ತಪಾಸಕಿಯಾಗಿ ಅವಳು ಹಾಕಿದ ಮೊದಲನೆಯದು. ಮನೆಯಲ್ಲಿ ಮೂರು ವಾರ ಅಭ್ಯಾಸ ಮಾಡಿದ್ದಳಂತೆ. ಗಂಡನ ಅಳತೆ ಪುಸ್ತಕದ ಹಿಂದಿನ ಪುಟಗಳೆಲ್ಲ ಅವಳ ಸಹಿಯಿಂದ ತುಂಬಿ, ಗಿರಾಕಿಯೊಬ್ಬನ ತೋಳಿನ ಅಳತೆ ಅದರೊಳಗೆ ಕಳೆದುಹೋಗಿ, ಅಂಗಿಯ ಒಂದು ತೋಳು ಗಿಡ್ಡವಾಯಿತಂತೆ.

ಆಮೇಲಿನ ಹನ್ನೊಂದು ವರ್ಷದಲ್ಲಿ ಅವಳು ಎಷ್ಟು ತಂಡಗಳಿಗೆ ಸಹಿ ಹಾಕಿದಳೋ ನನಗೆ ಗೊತ್ತಿಲ್ಲ. ತಡೆದದ್ದು ಒಂಬತ್ತು. ತಡೆದಾಗಲೆಲ್ಲ ಕುಲುಮೆಯವರು ಜಗಳಕ್ಕೆ ಬರುತ್ತಿದ್ದರು. ಅವಳು ಮೊದಲು ಚೂರನ್ನು ಅಂಚಿನವರೆಗೆ ಜರುಗಿಸಿ ತೋರಿಸಿ, ಆಮೇಲೆ ಜಗಳವಾಡುತ್ತಿದ್ದಳು. ವರದಿಯಲ್ಲಿ ಪುಸ್ತಕದ ಹೆಸರುಗಳನ್ನೇ ಬರೆಯುತ್ತಿದ್ದಳು. ಬಾಯಲ್ಲಿ ಮಾತ್ರ ಕಾಳು, ಚಾಪೆ.

ಬಗ್ಗಿದ ತಾಯಿ ತುಂಡನ್ನು "ಪರೀಕ್ಷೆಯಲ್ಲಿ ಖರ್ಚಾಯಿತು" ಎಂದು ಬರೆದು ನಾನು ಅವಳಿಗೇ ಕೊಟ್ಟೆ. ಈಗ ಅದು ಅವಳ ಅಡುಗೆಮನೆಯ ಗೋಡೆಯಲ್ಲಿದೆ, ಸೌಟು ನೇತುಹಾಕುವ ಕೊಕ್ಕೆಯಾಗಿ. ತುಕ್ಕು ಹಿಡಿಯುವುದಿಲ್ಲ. ನಾನು ಒಮ್ಮೆ ಹೋದಾಗ ಅತ್ತೆ ಕೋಲಿನಿಂದಲೇ ಅದನ್ನು ತೋರಿಸಿದರು.

"ನೋಡಿ ಮೇಡಂ, ಇಪ್ಪತ್ತನಾಲ್ಕು ವರ್ಷ ದುಡಿದು ನನ್ನ ಸೊಸೆ ಮನೆಗೆ ತಂದ ಆಸ್ತಿ. ಒಂದು ಕೊಕ್ಕೆ."

"ಬೇಡ ಅಂದ್ರೆ ಕೊಡಿ ಅತ್ತೆ, ತಗೊಂಡು ಹೋಗಿ ಬೀರುವಲ್ಲಿ ಇಡ್ತೀನಿ," ಎಂದಳು ಉಜ್ಜಕ್ಕ ಒಳಗಿನಿಂದ.

"ಮುಟ್ಟಿ ನೋಡು," ಎಂದರು ಅತ್ತೆ. "ಆಮೇಲೆ ಸೌಟು ಎಲ್ಲಿ ನೇತುಹಾಕೋದು?"